ಲೂಪಸ್ ರೋಗಿಗಳ ರಕ್ತ ಮತ್ತು ಜೀವಕೋಶದ ಅರಿವು: ಒಂದು ಚಾರಿತ್ರಿಕ ಸಮೀಕ್ಷೆ

೧

ಹೊರಗಿನಿಂದ ಬರುವ ರೋಗಾಣುಗಳನ್ನು ಎದುರಿಸಲು ಶರೀರವು ರಕ್ತದಲ್ಲಿ ಉತ್ಪಾದಿಸಿಕೊಳ್ಳುವ ವಿಶಿಷ್ಟ ಪ್ರೋಟೀನುಗಳಿಗೆ ಪ್ರತಿಕಾಯಗಳೆಂದು ಹೆಸರು. ಪ್ರತಿಕಾಯವು ಯಾವ ವಸ್ತುವನ್ನು ಗುರುತಿಸಿ ಅದಕ್ಕೆ ಅಂಟಿಕೊಳ್ಳುವುದೋ ಆ ವಸ್ತುವೇ ಪ್ರತಿಜನಕ. ಒಂದು ಪ್ರತಿಕಾಯಕ್ಕೆ ಒಂದು ಪ್ರತಿಜನಕವೆಂಬ ನಿಯತವಾದ ಜೋಡಿ ಇರುವುದರಿಂದಲೇ ಸಿಡುಬಿನ ವಿರುದ್ಧ ಪಡೆದ ರಕ್ಷಣೆ ಗಂಟಲಮಾರಿಗೆ ಒದಗುವುದಿಲ್ಲ. ಪ್ರತಿಜನಕವು ಹೊರಗಿನದಾಗಿರದೆ ಶರೀರದ್ದೇ ಒಂದು ಅಂಶವಾಗಿದ್ದಾಗ, ಅದರ ವಿರುದ್ಧ ಹುಟ್ಟಿದ ಪ್ರತಿಕಾಯವನ್ನು ಸ್ವಪ್ರತಿಕಾಯವೆಂದು ಕರೆಯುವುದು ಉಚಿತವಾಗಿದೆ. ಇಂಥ ಸ್ವಪ್ರತಿಕಾಯಗಳು ಅತ್ಯಂತ ವಿಪುಲವಾಗಿ, ವಿವಿಧವಾಗಿ ಕಾಣಿಸಿಕೊಳ್ಳುವ ವ್ಯಾಧಿಯೆಂದರೆ ಲೂಪಸ್. ಚರ್ಮ, ಕೀಲು, ಮೂತ್ರಪಿಂಡ, ಹೃದಯ, ಮೆದುಳು ಮುಂತಾದ ಯಾವ ಅಂಗವನ್ನಾದರೂ ಇದು ಬಾಧಿಸಬಲ್ಲುದು. ರೋಗಿಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಮಂದಿ ಸ್ತ್ರೀಯರು. ಅವರಲ್ಲಿಯೂ ಬಹುಮಂದಿ ತಾಯಂದಿರಾಗುವ ವಯಸ್ಸಿನವರು.

ಈ ಸ್ವಪ್ರತಿಕಾಯಗಳು ಹೇಗೆ ಪತ್ತೆಯಾದವು, ಅವುಗಳ ಗುರಿಯಾದ ಪ್ರತಿಜನಕಗಳು ಯಾವುವು ಎಂಬುದನ್ನು ಕಾಲಾನುಕ್ರಮವಾಗಿ ನಿರೂಪಿಸುವುದು ಪ್ರಸ್ತುತ ಲೇಖನದ ಉದ್ದೇಶ. ಈ ಚರಿತ್ರೆಯನ್ನು ಅವಲೋಕಿಸಿದಾಗ ಎರಡು ಸಂಗತಿಗಳು ಎದ್ದು ಕಾಣುತ್ತವೆ. ಸಾಕ್ಷ್ಯವು ಕಣ್ಣೆದುರಿಗೇ ಇದ್ದರೂ ಅರ್ಧ ಶತಮಾನದ ಕಾಲ ಅದನ್ನು ಬೇರೊಂದು ರೋಗದ ಲೆಕ್ಕಕ್ಕೆ ಬರೆಯಲಾಯಿತು ಎಂಬುದು ಮೊದಲನೆಯದು. ರೋಗಿಗೆ ಕಂಟಕವಾದ ಪ್ರತಿಕಾಯಗಳೇ ಜೀವಕೋಶದ ಅಂತರಂಗವನ್ನು ಅರಿಯಲು ವಿಜ್ಞಾನಕ್ಕೆ ದೊರೆತ ಅತಿ ಸೂಕ್ಷ್ಮವಾದ ಉಪಕರಣಗಳಾದವು ಎಂಬುದು ಎರಡನೆಯದು. ಮೊದಲನೆಯದರಿಂದ ಒಂದು ಎಚ್ಚರಿಕೆಯೂ ಎರಡನೆಯದರಿಂದ ಒಂದು ಋಣವೂ ನಮ್ಮ ಪಾಲಿಗೆ ಬಂದಿವೆ.

೨

ಲೂಪಸ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ ತೋಳ. ಮುಖದ ಚರ್ಮವನ್ನು ತೋಳವು ಕಚ್ಚಿ ತಿಂದಂತೆ ಮಾಡುವ ಹುಣ್ಣುಗಳಿಗೆ ಯೂರೋಪಿನ ಮಧ್ಯಯುಗದ ವೈದ್ಯರು ಈ ಹೆಸರನ್ನಿಟ್ಟಿದ್ದರು. ಆ ಹೆಸರಿನಡಿಯಲ್ಲಿ ಚರ್ಮದ ಕ್ಷಯವೇ ಮೊದಲಾದ ಅನೇಕ ವ್ಯಾಧಿಗಳು ಬೆರೆತುಹೋಗಿದ್ದವು. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಪ್ಯಾರಿಸ್ಸಿನ ಕಝನಾವ್ ಅವರು ಇವುಗಳಲ್ಲಿ ಕೆಂಪು ಬಣ್ಣದ ಒಂದು ಬಗೆಯನ್ನು ಬೇರ್ಪಡಿಸಿ ಅದಕ್ಕೆ ಪ್ರತ್ಯೇಕವಾದ ಹೆಸರನ್ನು ಕೊಟ್ಟರು. ವಿಯೆನ್ನಾದ ಹೆಬ್ರಾ ಅವರು ಮೂಗಿನ ಎರಡೂ ಪಕ್ಕಕ್ಕೆ ಕೆನ್ನೆಗಳ ಮೇಲೆ ಹರಡುವ ಕೆಂಪು ಮಚ್ಚೆಯನ್ನು ಚಿಟ್ಟೆಗೆ ಹೋಲಿಸಿದರು. ಅದೇ ನಗರದ ಕಪೋಸಿ ಅವರು ೧೮೭೨ರಲ್ಲಿ, ಈ ರೋಗವು ಚರ್ಮಕ್ಕೆ ಸೀಮಿತವಲ್ಲವೆಂದೂ ಜ್ವರ, ಕೀಲುನೋವುಗಳೊಡನೆ ಇಡೀ ಶರೀರವನ್ನು ವ್ಯಾಪಿಸಿ ಪ್ರಾಣಾಂತಕವಾಗಬಹುದೆಂದೂ ತೋರಿಸಿದರು. ೧೮೯೫ರಿಂದ ಮುಂದೆ ವಿಲಿಯಂ ಆಸ್ಲರ್ ಅವರು ಒಳಗಿನ ಅಂಗಗಳಲ್ಲಿ ಆಗುವ ವಿಕಾರಗಳನ್ನು ವರ್ಣಿಸಿದರು.

ಹೀಗೆ ವ್ಯಾಧಿಯ ಲಕ್ಷಣಗಳು ಸ್ಪಷ್ಟವಾದವು. ಆದರೆ ಅದರ ಕಾರಣವನ್ನು ಅರಿಯಲು ಬೇಕಾಗಿದ್ದ ಕಲ್ಪನೆಗೇ ಆ ಕಾಲದಲ್ಲಿ ಎಡೆಯಿರಲಿಲ್ಲ.

೩

೧೯೦೦ರ ಸುಮಾರಿಗೆ ಜರ್ಮನಿಯ ಪಾಲ್ ಏರ್ಲಿಖ್ ಮತ್ತು ಮೊರ್ಗೆನ್‌ರೋಥ್ ಅವರು ಆಡುಗಳ ಮೇಲೆ ಕೆಲವು ಪ್ರಯೋಗಗಳನ್ನು ನಡೆಸಿದರು. ಒಂದು ಆಡಿಗೆ ಬೇರೆ ಆಡುಗಳ ರಕ್ತವನ್ನು ಚುಚ್ಚಿದಾಗ ಅದರ ಶರೀರದಲ್ಲಿ ಆ ರಕ್ತಕಣಗಳನ್ನು ಒಡೆಯುವ ಪ್ರತಿಕಾಯಗಳು ಹುಟ್ಟಿದವು; ಆದರೆ ಅವು ಅದೇ ಆಡಿನ ಸ್ವಂತ ರಕ್ತಕಣಗಳನ್ನು ಮುಟ್ಟಲಿಲ್ಲ. ಇದರಿಂದ ಏರ್ಲಿಖ್ ಅವರು, ಶರೀರವು ತನ್ನನ್ನು ತಾನೇ ವಿಷಕ್ಕೀಡುಮಾಡಿಕೊಳ್ಳಲು ಅಂಜುತ್ತದೆ ಎಂಬ ಸೂತ್ರವನ್ನು ರೂಪಿಸಿದರು. ಲ್ಯಾಟಿನ್ ಭಾಷೆಯಲ್ಲಿ ಅದು ಹಾರರ್ ಆಟೋಟಾಕ್ಸಿಕಸ್ ಎಂದು ಪ್ರಸಿದ್ಧವಾಯಿತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಶರೀರದಲ್ಲಿ ಇಂಥ ಪ್ರತಿಕ್ರಿಯೆ ತನ್ನ ವಿರುದ್ಧವೇ ತಿರುಗದಂತೆ ತಡೆಯುವ ಏರ್ಪಾಡುಗಳಿವೆ ಎಂಬುದು ಏರ್ಲಿಖ್ ಅವರ ಅಭಿಪ್ರಾಯ. ಏರ್ಪಾಡು ಇದೆಯೆಂದರೆ ಅದು ಕೆಡಲೂಬಹುದು. ಆದರೆ ಸೂತ್ರವು ಕೈಯಿಂದ ಕೈಗೆ ಸಾಗಿದಂತೆಲ್ಲ ಅದರ ಷರತ್ತುಗಳು ಉದುರಿಹೋಗಿ, ಸ್ವಪ್ರತಿಕಾಯವೆಂಬುದು ಅಸಂಭವವೆಂಬ ನಂಬಿಕೆಯಷ್ಟೇ ಉಳಿಯಿತು. ೧೯೦೪ರಲ್ಲಿಯೇ ಡೊನಾಥ್ ಮತ್ತು ಲಾಂಡ್‌ಸ್ಟೈನರ್ ಅವರು ವಿಯೆನ್ನಾದಲ್ಲಿ, ಚಳಿಗೆ ಮೈಯೊಡ್ಡಿದಾಗ ಮೂತ್ರವು ಕೆಂಪಾಗುವ ಒಂದು ರೋಗದಲ್ಲಿ ರೋಗಿಯ ರಕ್ತದ್ರವವೇ ಅವನ ರಕ್ತಕಣಗಳನ್ನು ಒಡೆಯುವುದನ್ನು ತೋರಿಸಿದ್ದರು. ಆದರೂ ಅದನ್ನು ಒಂದು ಅಪವಾದವೆಂದು ಭಾವಿಸಲಾಯಿತೇ ಹೊರತು ಸೂತ್ರವನ್ನು ಯಾರೂ ತಿದ್ದಲಿಲ್ಲ.

೪

ಇದೇ ಅವಧಿಯಲ್ಲಿ ಲೂಪಸ್ ರೋಗಿಗಳ ರಕ್ತವು ತನ್ನ ಸಾಕ್ಷ್ಯವನ್ನು ನುಡಿಯಲು ಆರಂಭಿಸಿತ್ತು. ಅದನ್ನು ಕೇಳಿದವರು ಅದಕ್ಕೆ ಬೇರೆಯೇ ಅರ್ಥವನ್ನು ಹಚ್ಚಿದರು.

ನಮ್ಮಲ್ಲಿ ಫರಂಗಿ ರೋಗವೆಂದು ಹೆಸರಾದ ಸಿಫಿಲಿಸ್‌ಗೆ ೧೯೦೬ರಲ್ಲಿ ವಾಸರ್‌ಮನ್ ಮತ್ತು ಅವರ ಸಂಗಡಿಗರು ಒಂದು ರಕ್ತಪರೀಕ್ಷೆಯನ್ನು ರೂಪಿಸಿದರು. ರೋಗದಿಂದ ಸತ್ತ ಶಿಶುಗಳ ಯಕೃತ್ತಿನ ಸಾರದಲ್ಲಿ ರೋಗಾಣುಗಳಿರುವುದರಿಂದ ರೋಗಿಯ ಪ್ರತಿಕಾಯಗಳು ಅದಕ್ಕೆ ಅಂಟಿಕೊಳ್ಳುತ್ತವೆಂಬುದು ಅವರ ಊಹೆ. ಮರುವರ್ಷವೇ ಈ ಊಹೆಯ ಬುಡ ಅಲುಗಿತು. ರೋಗಾಣುವಿನ ಸುಳಿವೇ ಇಲ್ಲದ ಆರೋಗ್ಯವಂತ ಪ್ರಾಣಿಯ ಹೃದಯದ ಸಾರದಿಂದಲೂ ಪರೀಕ್ಷೆ ಅಷ್ಟೇ ಚೆನ್ನಾಗಿ ನಡೆಯುವುದೆಂದು ಲಾಂಡ್‌ಸ್ಟೈನರ್ ಮೊದಲಾದವರು ಕಂಡುಕೊಂಡರು. ಎಂದರೆ, ಪರೀಕ್ಷೆಯು ಅಳೆಯುತ್ತಿದ್ದುದು ರೋಗಾಣುವಿನ ವಿರುದ್ಧದ ಪ್ರತಿಕಾಯವನ್ನಲ್ಲ. ಸಹಜವಾದ ಅಂಗಾಂಶದಲ್ಲಿರುವ ಒಂದು ಜಿಡ್ಡಿನ ವಸ್ತುವಿನ ವಿರುದ್ಧದ ಪ್ರತಿಕಾಯವನ್ನು. ೧೯೪೧ರಲ್ಲಿ ಅಮೆರಿಕದ ಮೇರಿ ಪ್ಯಾಂಗ್‌ಬೋರ್ನ್ ಅವರು ಎತ್ತಿನ ಹೃದಯದಿಂದ ಆ ವಸ್ತುವನ್ನು ಶುದ್ಧವಾಗಿ ಬೇರ್ಪಡಿಸಿ ಕಾರ್ಡಿಯೋಲಿಪಿನ್ ಎಂದು ಹೆಸರಿಟ್ಟರು. ಜಗತ್ತಿನಾದ್ಯಂತ ಲಕ್ಷಾಂತರ ಮಂದಿಯ ಮೇಲೆ ನಡೆಯುತ್ತಿದ್ದ ಪರೀಕ್ಷೆಯೊಂದು ವಾಸ್ತವದಲ್ಲಿ ಸ್ವಪ್ರತಿಕಾಯದ ಪರೀಕ್ಷೆಯೇ ಆಗಿತ್ತು. ಆದರೆ ಬಳಕೆಗೆ ಉಪಯುಕ್ತವಾಗಿದ್ದುದರಿಂದ ಅದರ ತಾತ್ತ್ವಿಕ ಅರ್ಥವನ್ನು ವಿಚಾರಿಸುವ ಗೋಜಿಗೆ ಹೆಚ್ಚಿನವರು ಹೋಗಲಿಲ್ಲ.

ಲೂಪಸ್ ಇರುವವರಲ್ಲಿ ಈ ಪರೀಕ್ಷೆ ಸಿಫಿಲಿಸ್ ಇಲ್ಲದೆಯೂ ಧನಾತ್ಮಕವಾಗುವುದು ೧೯೧೦ರಷ್ಟು ಹಿಂದೆಯೇ ವರದಿಯಾಗಿತ್ತು. ಪರೀಕ್ಷೆಯನ್ನು ಕಾನೂನು ತನ್ನ ಕೈಗೆ ತೆಗೆದುಕೊಂಡ ಮೇಲೆ ಇದರ ಪರಿಣಾಮ ಗಂಭೀರವಾಯಿತು. ಅಮೆರಿಕದ ಕನೆಕ್ಟಿಕಟ್ ಸಂಸ್ಥಾನವು ೧೯೩೫ರಲ್ಲಿ ವಿವಾಹಕ್ಕೆ ಮೊದಲು ಈ ರಕ್ತಪರೀಕ್ಷೆಯನ್ನು ಕಡ್ಡಾಯಮಾಡಿತು. ಅನೇಕ ಸಂಸ್ಥಾನಗಳು ಅದನ್ನು ಅನುಸರಿಸಿದವು. ಯಾವ ಲಕ್ಷಣವೂ ಇಲ್ಲದ ಕನ್ಯೆಯೊಬ್ಬಳ ರಕ್ತ ಧನಾತ್ಮಕವೆಂದು ಬಂದರೆ ಆಕೆಯ ಮೇಲೂ ಆಕೆಯ ಮನೆಯ ಮೇಲೂ ಬೀಳುತ್ತಿದ್ದ ಕಳಂಕವನ್ನು ವಾಚಕರು ಸುಲಭವಾಗಿ ಊಹಿಸಬಲ್ಲರು. ಕಳಂಕದ ಜೊತೆಗೆ ಅನಗತ್ಯವಾದ ಔಷಧೋಪಚಾರವೂ ನಡೆಯುತ್ತಿತ್ತು.

೧೯೪೯ರಲ್ಲಿ ನೆಲ್ಸನ್ ಮತ್ತು ಮೇಯರ್ ಅವರು ಜೀವಂತ ರೋಗಾಣುವನ್ನೇ ಬಳಸುವ ಪರೀಕ್ಷೆಯನ್ನು ಕಂಡುಹಿಡಿದ ಮೇಲೆ ನಿಜವನ್ನು ಸುಳ್ಳಿನಿಂದ ಬೇರ್ಪಡಿಸುವುದು ಸಾಧ್ಯವಾಯಿತು. ೧೯೫೨ರಲ್ಲಿ ಮೂರ್ ಮತ್ತು ಮೋರ್ ಅವರು ಇಂಥ ಹುಸಿ ಫಲಿತಾಂಶಗಳನ್ನು ವರ್ಗೀಕರಿಸಿದರು. ಅದೇ ವರ್ಷ ಹ್ಯಾಸರಿಕ್ ಮತ್ತು ಲಾಂಗ್ ಅವರು, ಹುಸಿ ಫಲಿತಾಂಶ ಮೊದಲು ಕಾಣಿಸಿಕೊಂಡು ಅನಂತರ ಲೂಪಸ್ ಪ್ರಕಟವಾದ ಐದು ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು. ನಡತೆಯ ದೋಷವೆಂದು ಬಗೆದದ್ದು ಮುಂಬರುವ ವ್ಯಾಧಿಯ ಮುನ್ಸೂಚನೆಯಾಗಿತ್ತು. ರಕ್ತವು ಸತ್ಯವನ್ನೇ ಹೇಳಿತ್ತು. ಅದನ್ನು ಓದಿದವರು ತಪ್ಪಾದ ಶೀರ್ಷಿಕೆಯ ಕೆಳಗೆ ಬರೆದುಕೊಂಡಿದ್ದರು.

೫

ಅಷ್ಟರಲ್ಲಿ ಇನ್ನೊಂದು ದಿಕ್ಕಿನಿಂದ ಬೆಳಕು ಬಂದಿತ್ತು. ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ಹಾರ್‌ಗ್ರೇವ್ಸ್, ರಿಚ್‌ಮಂಡ್ ಮತ್ತು ಮಾರ್ಟನ್ ಅವರು ೧೯೪೮ರಲ್ಲಿ, ಲೂಪಸ್ ರೋಗಿಗಳ ಅಸ್ಥಿಮಜ್ಜೆಯಲ್ಲಿ ಒಂದು ವಿಚಿತ್ರವಾದ ಬಿಳಿಯ ರಕ್ತಕೋಶವನ್ನು ವರ್ಣಿಸಿದರು. ಅದರ ಹೊಟ್ಟೆಯಲ್ಲಿ ಮತ್ತೊಂದು ಕೋಶದ ಕೇಂದ್ರವು ತನ್ನ ರಚನೆಯನ್ನೆಲ್ಲ ಕಳೆದುಕೊಂಡು ನುಣ್ಣನೆಯ ಮುದ್ದೆಯಾಗಿ ಕುಳಿತಿತ್ತು. ಇದಕ್ಕೆ ಎಲ್.ಇ. ಕೋಶವೆಂದು ಹೆಸರಾಯಿತು. ಮರುವರ್ಷ ಹ್ಯಾಸರಿಕ್ ಅವರು, ರೋಗಿಯ ರಕ್ತದ್ರವವನ್ನು ಆರೋಗ್ಯವಂತರ ಮಜ್ಜೆಗೆ ಬೆರೆಸಿದರೂ ಇದೇ ಕೋಶಗಳು ಉಂಟಾಗುವುದನ್ನು ತೋರಿಸಿದರು. ಕಾರಣವು ಕೋಶದಲ್ಲಿ ಇರದೆ ರಕ್ತದ್ರವದಲ್ಲಿ ಇತ್ತು. ಅದು ಪ್ರತಿಕಾಯಗಳಿರುವ ಗಾಮಾ ಗ್ಲಾಬ್ಯುಲಿನ್ ಅಂಶಕ್ಕೆ ಸೇರಿದ್ದೆಂದೂ ಬೇಗನೆ ತಿಳಿದುಬಂತು. ಸ್ವಿಟ್ಜರ್ಲೆಂಡಿನ ಮೀಶರ್ ಅವರು ಈ ಅಂಶವನ್ನು ಕೋಶಕೇಂದ್ರಗಳೊಡನೆ ಬೆರೆಸಿದರೆ ಅದು ಅವುಗಳಿಗೆ ಅಂಟಿಕೊಂಡು ದ್ರವದಿಂದ ಮಾಯವಾಗುವುದೆಂದು ೧೯೫೪ರ ವೇಳೆಗೆ ಸ್ಥಾಪಿಸಿದರು. ಪ್ರತಿಜನಕದ ವಾಸಸ್ಥಾನ ಕೋಶಕೇಂದ್ರವೆಂಬುದು ಹೀಗೆ ನಿಶ್ಚಿತವಾಯಿತು.

೧೯೫೬ ಮತ್ತು ೧೯೫೭, ಈ ಚರಿತ್ರೆಯ ಪರ್ವಕಾಲವೆನ್ನಬಹುದು. ೧೯೫೬ರಲ್ಲಿ ಥೈರಾಯ್ಡ್ ಗ್ರಂಥಿಯ ವಿರುದ್ಧದ ಸ್ವಪ್ರತಿಕಾಯಗಳನ್ನು ಬಫಲೋ ನಗರದ ರೋಸ್ ಮತ್ತು ವಿಟೆಬ್‌ಸ್ಕಿ ಅವರು ಮೊಲಗಳಲ್ಲಿಯೂ ಲಂಡನ್ನಿನ ರಾಯ್ಟ್, ಡೋನಿಯಾಕ್ ಮೊದಲಾದವರು ರೋಗಿಗಳಲ್ಲಿಯೂ ತೋರಿಸಿದರು. ಏರ್ಲಿಖ್ ಪರಂಪರೆಯಲ್ಲಿಯೇ ಬೆಳೆದ ವಿಟೆಬ್‌ಸ್ಕಿ ಅವರ ಪ್ರಯೋಗಶಾಲೆಯಿಂದಲೇ ಹಳೆಯ ಸೂತ್ರದ ನಿರಾಕರಣೆ ಹೊರಟಿತು. ೧೯೫೭ರಲ್ಲಿ ಫ್ರಿಯೂ ಅವರು ಹೊಳೆಯುವ ಬಣ್ಣವನ್ನು ಪ್ರತಿಕಾಯಕ್ಕೆ ಜೋಡಿಸುವ ಕೂನ್ಸ್ ಅವರ ವಿಧಾನವನ್ನು ಬಳಸಿ, ಲೂಪಸ್ ರೋಗಿಗಳ ಪ್ರತಿಕಾಯಗಳು ಕೋಶಕೇಂದ್ರವನ್ನು ಬೆಳಗಿಸುವುದನ್ನು ಸೂಕ್ಷ್ಮದರ್ಶಕದಲ್ಲಿ ಪ್ರತ್ಯಕ್ಷವಾಗಿ ತೋರಿಸಿದರು. ಇಂದು ಎ.ಎನ್.ಎ. ಎಂಬ ಹೆಸರಿನಿಂದ ಪ್ರತಿಯೊಂದು ದೊಡ್ಡ ಆಸ್ಪತ್ರೆಯಲ್ಲಿಯೂ ನಡೆಯುವ ಪರೀಕ್ಷೆಯ ಮೂಲ ಇದೇ. ಅದೇ ವರ್ಷ ನ್ಯೂಯಾರ್ಕ್, ಪ್ಯಾರಿಸ್, ಇಟಲಿ, ಸ್ವಿಟ್ಜರ್ಲೆಂಡ್‌ಗಳ ನಾಲ್ಕು ತಂಡಗಳು ಒಂದನ್ನೊಂದು ಅವಲಂಬಿಸದೆ, ಈ ಪ್ರತಿಕಾಯಗಳಲ್ಲಿ ಕೆಲವು ನೇರವಾಗಿ ಡಿ.ಎನ್.ಎ.ಯನ್ನೇ ಗುರಿಯಾಗಿಸಿಕೊಂಡಿವೆ ಎಂದು ವರದಿಮಾಡಿದವು.

ಇದರ ಸ್ವಾರಸ್ಯವನ್ನು ಗ್ರಹಿಸಲು ಆ ಕಾಲವನ್ನು ನೆನೆಯಬೇಕು. ಡಿ.ಎನ್.ಎ.ಯ ರಚನೆ ಪ್ರಕಟವಾಗಿ ನಾಲ್ಕೇ ವರ್ಷಗಳಾಗಿದ್ದವು. ಎಲ್ಲ ಜೀವಿಗಳಿಗೂ ಸಮಾನವಾದ ಈ ವಸ್ತುವನ್ನು ಪ್ರಾಣಿಗಳಿಗೆ ಬರಿದಾಗಿ ಚುಚ್ಚಿದರೆ ಪ್ರತಿಕಾಯ ಹುಟ್ಟುವುದೇ ದುಸ್ತರ. ಪ್ರಯೋಗಶಾಲೆಯಲ್ಲಿ ಬಯಸಿದರೂ ದೊರೆಯದ ಪ್ರತಿಕಾಯವು ರೋಗಿಯ ರಕ್ತದಲ್ಲಿ ತಾನಾಗಿಯೇ ಹುಟ್ಟಿತ್ತು.

೬

ಡಿ.ಎನ್.ಎ. ಒಂದೇ ಪ್ರತಿಜನಕವಾಗಿರಲಿಲ್ಲ. ೧೯೬೬ರಲ್ಲಿ ರಾಕ್‌ಫೆಲರ್ ಸಂಸ್ಥೆಯ ಎಂಗ್ ಟಾನ್ ಮತ್ತು ಹೆನ್ರಿ ಕುಂಕೆಲ್ ಅವರು, ಅಗರ್ ಎಂಬ ಪಾರದರ್ಶಕ ಅಂಟಿನ ತಟ್ಟೆಯಲ್ಲಿ ಒಂದು ಕಡೆ ಕೋಶಕೇಂದ್ರದ ಸಾರವನ್ನೂ ಮತ್ತೊಂದು ಕಡೆ ರೋಗಿಯ ರಕ್ತದ್ರವವನ್ನೂ ಇಟ್ಟು, ಎರಡೂ ಹರಿದು ಸಂಧಿಸಿದಲ್ಲಿ ಮೂಡುವ ಬಿಳಿಯ ಗೆರೆಯನ್ನು ಪರೀಕ್ಷಿಸಿದರು. ಆ ಗೆರೆಗೆ ಕಾರಣವಾದ ಪ್ರತಿಜನಕವು ನ್ಯೂಕ್ಲಿಯಿಕ್ ಆಮ್ಲಗಳನ್ನು ಕರಗಿಸುವ ಕಿಣ್ವಗಳಿಗೆ ಜಗ್ಗಲಿಲ್ಲ. ಅದಕ್ಕೆ ಅವರಿಟ್ಟ ಹೆಸರು ಎಸ್‌ಎಮ್. ೧೯೬೯ರಲ್ಲಿ ಕ್ಲಾರ್ಕ್, ರೈಕ್ಲಿನ್ ಮತ್ತು ತೊಮಾಸಿ ಅವರು ರೋ ಎಂಬುದನ್ನೂ, ೧೯೭೪ರಲ್ಲಿ ಮ್ಯಾಟಿಯೋಲಿ ಮತ್ತು ರೈಕ್ಲಿನ್ ಅವರು ಲಾ ಎಂಬುದನ್ನೂ ವರ್ಣಿಸಿದರು.

ಎಸ್‌ಎಮ್, ರೋ, ಲಾ ಎಂಬ ಈ ಹೆಸರುಗಳು ಯಾವುದೇ ಗ್ರೀಕ್ ಪದದಿಂದಾಗಲಿ ರಾಸಾಯನಿಕ ಸೂತ್ರದಿಂದಾಗಲಿ ಬಂದವುಗಳಲ್ಲ. ಆಯಾ ಪ್ರತಿಕಾಯವು ಯಾರ ರಕ್ತದಲ್ಲಿ ಮೊದಲು ದೊರೆಯಿತೋ ಆ ರೋಗಿಯ ಹೆಸರಿನ ಮೊದಲ ಎರಡು ರೋಮನ್ ಅಕ್ಷರಗಳಿವು. ಧೂಮಕೇತುಗಳಿಗೆ ಕಂಡುಹಿಡಿದವರ ಹೆಸರನ್ನಿಡುವುದು ವಿಜ್ಞಾನದ ರೂಢಿ. ಇಲ್ಲಿ ವೈದ್ಯರು ತಮ್ಮ ಹೆಸರನ್ನು ಬಿಟ್ಟು ರೋಗಿಯ ಹೆಸರನ್ನು, ಗುರುತು ಸಿಗದಷ್ಟು ಮೊಟಕುಗೊಳಿಸಿ, ಉಳಿಸಿದರು. ಇಂದು ಪ್ರಪಂಚದ ಯಾವ ಮೂಲೆಯಲ್ಲಿ ಲೂಪಸ್ ಪರೀಕ್ಷೆಯ ವರದಿ ಬರೆದರೂ ಆ ಅಪರಿಚಿತರ ಹೆಸರಿನ ತುಣುಕುಗಳು ಅದರಲ್ಲಿರುತ್ತವೆ.

೭

ಈ ರಕ್ತದ್ರವಗಳ ಅತ್ಯಂತ ಫಲಪ್ರದವಾದ ಬಳಕೆ ನಡೆದದ್ದು ವೈದ್ಯಕೀಯದ ಹೊರಗೆ. ೧೯೭೭ರಲ್ಲಿ ಫಿಲಿಪ್ ಶಾರ್ಪ್ ಮತ್ತು ರಿಚರ್ಡ್ ರಾಬರ್ಟ್ಸ್ ಅವರ ತಂಡಗಳು, ಆನುವಂಶಿಕ ಸಂದೇಶವು ಡಿ.ಎನ್.ಎ.ಯಲ್ಲಿ ಅಖಂಡವಾಗಿರದೆ ನಡುನಡುವೆ ನಿರರ್ಥಕವಾಗಿ ತೋರುವ ಭಾಗಗಳಿಂದ ತುಂಡರಿಸಿರುವುದನ್ನು ಕಂಡುಹಿಡಿದಿದ್ದವು. ಆರ್.ಎನ್.ಎ.ಯಲ್ಲಿ ಪ್ರತಿ ತೆಗೆದಮೇಲೆ ಜೀವಕೋಶವು ಈ ಭಾಗಗಳನ್ನು ಕತ್ತರಿಸಿ ಉಳಿದುದನ್ನು ಹೊಲಿಯಬೇಕು. ಒಂದಕ್ಷರ ಆಚೀಚೆಯಾದರೂ ಸಂದೇಶ ಕೆಡುವ ಈ ಕೆಲಸವನ್ನು ಮಾಡುವವರಾರೆಂಬುದು ತಿಳಿದಿರಲಿಲ್ಲ.

ಯೇಲ್ ವಿಶ್ವವಿದ್ಯಾಲಯದ ಜೋನ್ ಸ್ಟೈಟ್ಸ್ ಮತ್ತು ಅವರ ವಿದ್ಯಾರ್ಥಿ ಮೈಕೆಲ್ ಲರ್ನರ್ ಅವರು ೧೯೭೯ರಲ್ಲಿ ಲೂಪಸ್ ರೋಗಿಗಳ ರಕ್ತದ್ರವವನ್ನು ಈ ಶೋಧಕ್ಕೆ ಬಳಸಿದರು. ಎಸ್‌ಎಮ್ ಪ್ರತಿಕಾಯವು ಕೋಶಕೇಂದ್ರದ ಸಾರದಿಂದ ತನ್ನ ಗುರಿಯನ್ನು ಹಿಡಿದೆಳೆದಾಗ, ಪ್ರೋಟೀನುಗಳ ಜೊತೆಗೆ ಯು೧, ಯು೨, ಯು೪, ಯು೫, ಯು೬ ಎಂಬ ಚಿಕ್ಕ ಆರ್.ಎನ್.ಎ.ಗಳೂ ಬಂದವು. ಆರ್.ಎನ್.ಪಿ. ಎಂಬ ಇನ್ನೊಂದು ಸ್ವಪ್ರತಿಕಾಯವು ಯು೧ನ್ನು ಮಾತ್ರ ಎಳೆಯಿತು. ಪ್ರೋಟೀನು ಮತ್ತು ಆರ್.ಎನ್.ಎ. ಕೂಡಿದ ಈ ಕಣಗಳೇ ಕತ್ತರಿಸಿ ಹೊಲಿಯುವ ಯಂತ್ರದ ಭಾಗಗಳಿರಬೇಕೆಂದು ೧೯೮೦ರಲ್ಲಿ ಅವರು ಸೂಚಿಸಿದರು, ಯು೧ ಆರ್.ಎನ್.ಎ.ಯ ತುದಿಯ ಅಕ್ಷರಗಳು ಕತ್ತರಿಸಬೇಕಾದ ಗಡಿಯ ಅಕ್ಷರಗಳಿಗೆ ಹೊಂದಿಕೊಳ್ಳುವುದು ಅವರ ಆಧಾರ. ಮುಂದಿನ ಕೆಲವೇ ವರ್ಷಗಳಲ್ಲಿ, ಇದೇ ಪ್ರತಿಕಾಯಗಳನ್ನು ಸೇರಿಸಿದರೆ ಆ ಕೆಲಸ ನಿಂತುಹೋಗುವುದೆಂಬ ಪ್ರಯೋಗಗಳಿಂದ ಸೂಚನೆ ದೃಢಪಟ್ಟಿತು. ಶಾರ್ಪ್ ಮತ್ತು ರಾಬರ್ಟ್ಸ್ ಅವರಿಗೆ ೧೯೯೩ರಲ್ಲಿ ನೊಬೆಲ್ ಪಾರಿತೋಷಕವೂ ಸ್ಟೈಟ್ಸ್ ಅವರಿಗೆ ೨೦೧೮ರಲ್ಲಿ ಲ್ಯಾಸ್ಕರ್ ಪ್ರಶಸ್ತಿಯೂ ದೊರೆತವು.

ಮನುಷ್ಯನ ಕೈಯಿಂದ ಇಂಥ ಪ್ರತಿಕಾಯಗಳನ್ನು ಆ ಕಾಲದಲ್ಲಿ ತಯಾರಿಸುವುದು ಸುಲಭವಾಗಿರಲಿಲ್ಲ. ಸಸ್ತನಿಗಳಲ್ಲೆಲ್ಲ ಹೆಚ್ಚುಕಡಿಮೆ ಒಂದೇ ತೆರನಾಗಿರುವ ಅಣುಗಳನ್ನು ಮೊಲವಾಗಲಿ ಇಲಿಯಾಗಲಿ ಪರಕೀಯವೆಂದು ಎಣಿಸುವುದಿಲ್ಲ. ಸ್ವಕೀಯವನ್ನು ಗುರುತಿಸುವ ಕಣ್ಣು ಲೂಪಸ್ ರೋಗಿಗೆ ಮಾತ್ರ ತೆರೆದಿತ್ತು.

೮

ಹಾಗಾದರೆ ಈ ಪ್ರತಿಕಾಯಗಳು ರೋಗಿಗೆ ಮಾಡುವುದೇನು? ೧೯೬೭ರಲ್ಲಿ ಕಾಫ್ಲರ್, ಶುರ್ ಮತ್ತು ಕುಂಕೆಲ್ ಅವರು, ಲೂಪಸ್‌ನಿಂದ ಕೆಟ್ಟ ಮೂತ್ರಪಿಂಡಗಳಿಂದ ಪ್ರತಿಕಾಯಗಳನ್ನು ಬಿಡಿಸಿ ತೆಗೆದು, ಡಿ.ಎನ್.ಎ. ವಿರುದ್ಧದವು ಅಲ್ಲಿ ದಟ್ಟವಾಗಿ ಶೇಖರವಾಗಿರುವುದನ್ನು ತೋರಿಸಿದರು. ಹುಸಿ ಸಿಫಿಲಿಸ್ ಪರೀಕ್ಷೆಯ ಹಿಂದಿದ್ದ ಪ್ರತಿಕಾಯವು ರಕ್ತವನ್ನು ಹೆಪ್ಪುಗಟ್ಟಿಸಿ ಪಾರ್ಶ್ವವಾಯುವಿಗೂ ಪದೇ ಪದೇ ಗರ್ಭಪಾತಕ್ಕೂ ಕಾರಣವಾಗುವುದೆಂದು ೧೯೮೩ರಿಂದ ಲಂಡನ್ನಿನ ಗ್ರಹಾಂ ಹ್ಯೂಸ್ ಮತ್ತು ಸಂಗಡಿಗರು ನಿರೂಪಿಸಿದರು.

ರೋ ಪ್ರತಿಕಾಯದ ವೃತ್ತಾಂತ ಇನ್ನಷ್ಟು ಮನಕಲಕುವಂಥದು. ಅದು ತಾಯಿಯ ರಕ್ತದಿಂದ ಮಾಸುವಿನ ಮೂಲಕ ಗರ್ಭಸ್ಥ ಶಿಶುವಿಗೆ ದಾಟಿ, ಹೃದಯದ ಬಡಿತವನ್ನು ಸಾಗಿಸುವ ನರತಂತುವಿನಂಥ ಸ್ನಾಯುಗಳನ್ನು ಕೆಡಿಸಬಲ್ಲುದೆಂದು ೧೯೮೩ರಲ್ಲಿ ತಿಳಿದುಬಂತು. ಇಂಥ ಪ್ರತಿಕಾಯವುಳ್ಳ ತಾಯಂದಿರ ನೂರು ಶಿಶುಗಳಲ್ಲಿ ಒಂದೆರಡಕ್ಕೆ ಮಾತ್ರ ಈ ಆಪತ್ತು ಒದಗುವುದಾದರೂ, ಒಮ್ಮೆ ಒದಗಿದವರಿಗೆ ಮರುಕಳಿಸುವ ಸಂಭವ ಹೆಚ್ಚು. ಎಷ್ಟೋ ವೇಳೆ ತಾಯಿಯಲ್ಲಿ ರೋಗದ ಯಾವ ಚಿಹ್ನೆಯೂ ಇರುವುದಿಲ್ಲ. ಮಲೇರಿಯಾಕ್ಕೆಂದು ಬಂದ ಹೈಡ್ರಾಕ್ಸಿಕ್ಲೋರೋಕ್ವಿನ್ ಔಷಧವನ್ನು ಗರ್ಭಿಣಿಗೆ ಕೊಟ್ಟರೆ ಈ ಮರುಕಳಿಕೆ ಅರ್ಧಕ್ಕಿಂತಲೂ ಕಡಿಮೆಯಾಗುವುದೆಂದು ೨೦೨೦ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ.

ಪ್ರತಿಕಾಯಗಳು ರೋಗಕ್ಕಿಂತ ಎಷ್ಟು ಮೊದಲೇ ಹುಟ್ಟುತ್ತವೆಂಬುದಕ್ಕೆ ೨೦೦೩ರಲ್ಲಿ ಉತ್ತರ ದೊರೆಯಿತು. ಅಮೆರಿಕದ ಸೈನ್ಯವು ತನ್ನ ಸಿಬ್ಬಂದಿಯ ರಕ್ತದ್ರವವನ್ನು ಶೇಖರಿಸಿಡುವ ಪದ್ಧತಿಯಿದೆ. ಮುಂದೆ ಲೂಪಸ್ ತಗುಲಿದ ೧೩೦ ಮಂದಿಯ ಹಳೆಯ ಮಾದರಿಗಳನ್ನು ತೆಗೆದು ನೋಡಿದಾಗ, ೧೧೫ ಮಂದಿಯಲ್ಲಿ ರೋಗನಿರ್ಣಯಕ್ಕೆ ಮೊದಲೇ ಒಂದಾದರೂ ಸ್ವಪ್ರತಿಕಾಯವಿತ್ತು. ಸರಾಸರಿ ಅಂತರ ೩.೩ ವರ್ಷ, ಕೆಲವರಲ್ಲಿ ಒಂಬತ್ತು ವರ್ಷಕ್ಕೂ ಮಿಕ್ಕಿತ್ತು. ರೋ ಮತ್ತು ಕಾರ್ಡಿಯೋಲಿಪಿನ್ ಪ್ರತಿಕಾಯಗಳು ಮೊದಲು, ಡಿ.ಎನ್.ಎ. ಪ್ರತಿಕಾಯಗಳು ಅನಂತರ, ಎಸ್‌ಎಮ್ ಮೊದಲಾದವು ರೋಗವು ಸಮೀಪಿಸಿದಾಗ ಎಂಬ ಒಂದು ಕ್ರಮವೂ ಕಂಡುಬಂತು. ೧೯೫೨ರ ಆ ಐದು ರೋಗಿಗಳ ವೃತ್ತಾಂತಕ್ಕೆ ಇದು ಅರ್ಧ ಶತಮಾನದ ತರುವಾಯ ದೊರೆತ ಸಮರ್ಥನೆ.

೯

ಸಾವಿರಾರು ಅಣುಗಳಿರುವಾಗ ಇವೇ ಏಕೆ ಪ್ರತಿಜನಕಗಳಾದವು? ಕೋಶದ ಗರ್ಭದಲ್ಲಿ ಅಡಗಿರುವ ವಸ್ತುವನ್ನು ಹೊರಗಿನ ಪ್ರತಿಕಾಯವು ಕಾಣುವುದಾದರೂ ಹೇಗೆ? ೧೯೯೪ರಲ್ಲಿ ಕಾಸಿಯೋಲಾ-ರೋಸೆನ್ ಮತ್ತು ಸಂಗಡಿಗರು, ಜೀವಕೋಶವು ನಿಯತ ಕ್ರಮದಲ್ಲಿ ಸಾಯುವಾಗ ಅದರ ಮೈಮೇಲೆ ಗುಳ್ಳೆಗಳೇಳುವುದನ್ನೂ ಆ ಗುಳ್ಳೆಗಳಲ್ಲಿ ಲೂಪಸ್‌ನ ಪ್ರತಿಜನಕಗಳೇ ಒಟ್ಟುಗೂಡಿರುವುದನ್ನೂ ತೋರಿಸಿದರು. ಸಾಯುವ ಕೋಶವು ತನ್ನ ಒಳಗನ್ನು ಹೊರಗೆ ಹಾಕುತ್ತದೆ. ಅದನ್ನು ಬೇಗನೆ ಗುಡಿಸಿ ಹಾಕದಿದ್ದರೆ ಅಪಾಯ. ಎರಡನೆಯ ಕಾರಣವೂ ಉಂಟು. ವೈರಾಣುಗಳ ಡಿ.ಎನ್.ಎ. ಮತ್ತು ಆರ್.ಎನ್.ಎ.ಯನ್ನು ಪತ್ತೆಹಚ್ಚಲು ನಮ್ಮ ಕೋಶಗಳಲ್ಲಿ ಕಾವಲುಗಾರ ಅಣುಗಳಿವೆ. ಪ್ರೋಟೀನಿನ ಹೊದಿಕೆಯೊಳಗೆ ನ್ಯೂಕ್ಲಿಯಿಕ್ ಆಮ್ಲವಿರುವ ಸ್ವಂತ ಕಣವು ಅವುಗಳ ಕಣ್ಣಿಗೆ ವೈರಾಣುವಿನಂತೆಯೇ ತೋರುತ್ತದೆ. ಇಂಥ ಕಾವಲುಗಾರರಲ್ಲಿ ಒಂದಾದ ಟಿ.ಎಲ್.ಆರ್.೭ರ ಜೀನಿನಲ್ಲಿ ಒಂದೇ ಒಂದು ವ್ಯತ್ಯಾಸವು ಲೂಪಸ್‌ಗೆ ಕಾರಣವಾಗಬಲ್ಲುದೆಂದು ೨೦೨೨ರಲ್ಲಿ ಸಿದ್ಧಪಟ್ಟಿತು.

ಚಿಕಿತ್ಸೆಯ ಪಕ್ಷದಲ್ಲಿ ಪ್ರಗತಿ ತಡವಾಗಿ ಬಂತು. ಜರ್ಮನಿಯ ಎರ್ಲಾಂಗೆನ್‌ನಲ್ಲಿ ರೋಗಿಯ ಸ್ವಂತ ಟಿ ಕೋಶಗಳನ್ನು ಮಾರ್ಪಡಿಸಿ, ಪ್ರತಿಕಾಯಗಳ ಮೂಲವಾದ ಬಿ ಕೋಶಗಳನ್ನು ಅವುಗಳಿಂದ ನಿರ್ಮೂಲಗೊಳಿಸುವ ವಿಧಾನವನ್ನು ಅನುಸರಿಸಲಾಯಿತು. ೨೦೨೨ರಲ್ಲಿ ಪ್ರಕಟವಾದ ವರದಿಯಂತೆ, ತೀವ್ರವಾಗಿ ಬಾಧಿತರಾದ ಐವರಲ್ಲಿ ರೋಗವು ಶಮನವಾಗಿ ಡಿ.ಎನ್.ಎ. ಪ್ರತಿಕಾಯಗಳು ಮಾಯವಾದವು, ಕೆಲವು ತಿಂಗಳ ಮೇಲೆ ಹೊಸ ಬಿ ಕೋಶಗಳು ಹುಟ್ಟಿದರೂ ರೋಗ ಮರಳಲಿಲ್ಲ. ರೋಗಿಗಳ ಸಂಖ್ಯೆ ಸಣ್ಣದು, ಅವಧಿಯೂ ಸಣ್ಣದು. ಆದರೆ ಏರ್ಲಿಖ್ ಅವರು ಹೇಳಿದ ತಡೆಯ ಏರ್ಪಾಡನ್ನು ಮತ್ತೆ ನಿಲ್ಲಿಸುವುದು ಅಸಾಧ್ಯವಲ್ಲವೆಂಬ ಭರವಸೆಯನ್ನು ಇದು ಕೊಟ್ಟಿದೆ.

೧೦

ಆರಂಭದಲ್ಲಿ ಸೂಚಿಸಿದ ಎಚ್ಚರಿಕೆಗೆ ಬರೋಣ. ಟಾನ್ ಮತ್ತು ಸಂಗಡಿಗರು ೧೯೯೭ರಲ್ಲಿ ಪ್ರಕಟಿಸಿದಂತೆ, ಆರೋಗ್ಯವಂತರಲ್ಲಿಯೂ ಶೇಕಡ ೩೧.೭ ಮಂದಿಯ ರಕ್ತದ್ರವವು ನಲವತ್ತು ಪಾಲು ತೆಳುಮಾಡಿದಾಗ ಎ.ಎನ್.ಎ. ಪರೀಕ್ಷೆಯಲ್ಲಿ ಧನಾತ್ಮಕವಾಗುತ್ತದೆ, ಎಂಬತ್ತು ಪಾಲಿಗೆ ಶೇಕಡ ೧೩.೩, ನೂರ ಅರವತ್ತು ಪಾಲಿಗೆ ಶೇಕಡ ೫. ೨೦೧೯ರ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಎಂಬತ್ತು ಪಾಲಿನ ಎ.ಎನ್.ಎ. ಪ್ರವೇಶದ ಹೊಸ್ತಿಲು ಮಾತ್ರ. ಉಳಿದ ಲಕ್ಷಣಗಳು ಕೂಡಿಬಾರದೆ ಅದನ್ನು ಲೂಪಸ್ ಎನ್ನುವಂತಿಲ್ಲ. ಹಿಂದೆ ಒಂದು ಪರೀಕ್ಷೆಯ ಬಲದಿಂದ ಲೂಪಸ್ ಇದ್ದವರಿಗೆ ಸಿಫಿಲಿಸ್ ಎಂದರು. ಇಂದು ಒಂದು ಪರೀಕ್ಷೆಯ ಬಲದಿಂದ ಏನೂ ಇಲ್ಲದವರಿಗೆ ಲೂಪಸ್ ಎನ್ನುವ ಅಪಾಯವಿದೆ. ವಿವಾಹದ ಮಾತುಕತೆಗಳಲ್ಲಿ ಹೆಣ್ಣಿನ ಆರೋಗ್ಯದ ಕಾಗದವನ್ನು ಇಂದಿಗೂ ಸಂಶಯದಿಂದ ನೋಡುವ ಸಮಾಜದಲ್ಲಿ ಈ ಎರಡನೆಯ ತಪ್ಪು ಮೊದಲನೆಯದಕ್ಕಿಂತ ಕಿರಿದೇನಲ್ಲ.

ಇನ್ನು ಋಣದ ಮಾತು. ನ್ಯೂಯಾರ್ಕಿನಲ್ಲಿ, ಬಫಲೋದಲ್ಲಿ, ನ್ಯೂ ಹೇವನ್‌ನಲ್ಲಿ ಆಸ್ಪತ್ರೆಯ ಮಂಚದ ಮೇಲೆ ಮಲಗಿ ತೋಳೊಡ್ಡಿದವರಲ್ಲಿ ಅನೇಕರು ತಮ್ಮ ರಕ್ತದಿಂದ ಬಂದ ಜ್ಞಾನದ ಫಲವನ್ನು ಉಣ್ಣಲಿಲ್ಲ. ಜೀವಕೋಶವು ತನ್ನ ಸಂದೇಶವನ್ನು ಹೇಗೆ ತಿದ್ದಿ ಬರೆಯುತ್ತದೆಂಬುದನ್ನು ಜಗತ್ತಿಗೆ ಕಲಿಸಿದವರಲ್ಲಿ ಅವರೂ ಒಬ್ಬರು. ಎಸ್‌ಎಮ್, ರೋ, ಲಾ ಎಂಬ ಅಕ್ಷರಗಳನ್ನು ಓದುವಾಗ ಅವು ಮನುಷ್ಯರ ಹೆಸರುಗಳೆಂಬುದನ್ನು ನಮ್ಮ ವೈದ್ಯಕೀಯ ವಿದ್ಯಾರ್ಥಿಗಳಿಗೆ ತಿಳಿಸಿಕೊಟ್ಟರೆ, ಆ ಋಣದ ಒಂದಂಶವನ್ನಾದರೂ ಸಲ್ಲಿಸಿದಂತಾಗುತ್ತದೆ.